ಟ್ರ್ಯಾಕ್ಟರ್ ಹೂತುಕೊಳ್ಳುತ್ತಿದ್ದ ಮೂಲೆ

ನಮ್ಮ ಹೊಲದ ಕೆಳಗಿನ ಮೂಲೆಯಲ್ಲಿ ವರ್ಷಕ್ಕೊಮ್ಮೆಯಾದರೂ ಟ್ರ್ಯಾಕ್ಟರ್ ಹೂತುಕೊಳ್ಳುತ್ತಿತ್ತು. ಹಿಂದಿನ ಚಕ್ರ ಅರ್ಧ ಕೆಸರಲ್ಲಿ, ಅಪ್ಪ ಹಲಗೆ ಹುಡುಕುತ್ತಾ, ನಾನು ಪಕ್ಕದ ಹೊಲದವರನ್ನು ಕರೆಯೋಕೆ ಓಡುತ್ತಾ. ಆ ಮೂಲೆಯ ಮೇಲೆ ಅಪ್ಪನಿಗಿದ್ದ ಸಿಟ್ಟು ಸಣ್ಣದಲ್ಲ. ಮೂವತ್ತು ವರ್ಷ ಅದರ ಜೊತೆ ಗುದ್ದಾಡಿದರು. ತೊರೆಯನ್ನು ನೆಟ್ಟಗೆ ಮಾಡಿ ಆಳ ತೋಡಿಸಿದರು, ಅಡ್ಡಡ್ಡ ಬಸಿಗಾಲುವೆ ತೆಗೆಸಿದರು, ನೆಲದಡಿ ಕೊಳವೆ ಹೂಳಿಸಿದರು. ನೀರು ಹೋಯಿತು. ಬೆಳೆ ಮಾತ್ರ ಐದು ವರ್ಷಕ್ಕೆ ಎರಡು ಸಲ ಕೈಗೆ ಸಿಕ್ಕರೆ ಹೆಚ್ಚು.

ಅಪ್ಪ ಬೇಸಾಯ ಬಿಟ್ಟ ಮೇಲೆ ಆ ಹನ್ನೊಂದು ಎಕರೆ ಪಾಳು ಬಿತ್ತು. ಅದನ್ನು ಮತ್ತೆ ಜೌಗು ಮಾಡಬೇಕು, ತೊರೆಯನ್ನು ಸರಿಪಡಿಸಬೇಕು ಅಂತ ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂವತ್ತು ವರ್ಷ ನಾನು ಹೊರಗೆ ಅಟ್ಟಿದ ನೀರನ್ನ ನೀನು ವಾಪಸ್ ಕರೀತೀಯಾ?" ಅಂದರು. ಕೋಪವೇನೂ ಇರಲಿಲ್ಲ. ಆಮೇಲೆ ಒಳಗೆ ಹೋಗಿ ಮಡಿಸಿಟ್ಟ ಒಂದು ಹಾಳೆ ತಂದುಕೊಟ್ಟರು. ಕೊಳವೆ ಎಲ್ಲೆಲ್ಲಿ ಹೂಳಿಸಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಅದರಲ್ಲಿ ಅರ್ಧ ತಪ್ಪು ಅನ್ನೋದು ಮುಂದೆ ಗೊತ್ತಾಯಿತು.

ಮೊದಲ ವರ್ಷ ನಾನು ಒಂದು ಗುದ್ದಲಿ ಮಣ್ಣನ್ನೂ ಎತ್ತಲಿಲ್ಲ. ನೋಡಿದೆ, ಅಳೆದೆ, ಅಷ್ಟೇ. ತೊರೆ ಅನ್ನೋದು ಆಗ ಗೆರೆ ಕೊಯ್ದಂಥ ಕಾಲುವೆ. ಅಪ್ಪ ತೋಡಿಸಿದ್ದು ಒಂದು ಮೀಟರ್, ನಾನು ಅಳೆದಾಗ ಎರಡೂವರೆ ಮೀಟರ್ ಇತ್ತು. ಉಳಿದದ್ದನ್ನು ನೀರೇ ತೋಡಿಕೊಂಡಿತ್ತು. ಅಂಕುಡೊಂಕಾದ ದಾರಿಯನ್ನು ನೆಟ್ಟಗೆ ಮಾಡಿದರೆ ದಾರಿ ಗಿಡ್ಡವಾಗುತ್ತದೆ, ಇಳಿಯಬೇಕಾದ ಎತ್ತರ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಇಳಿಜಾರು ಕಡಿದಾಗಿ ನೀರಿಗೆ ವೇಗ ಬರುತ್ತದೆ, ಆ ವೇಗ ತಳವನ್ನು ಕೊರೆಯುತ್ತದೆ. ತಳ ಇಳಿದಷ್ಟೂ ದಡ ಎತ್ತರವಾಗಿ ಕುಸಿಯುತ್ತದೆ. ಎಂಥ ಮಳೆ ಬಂದರೂ ನೀರು ದಡ ಹತ್ತಿ ಹೊಲದ ಮೇಲೆ ಹರಡೋದೇ ಇಲ್ಲ. ಅಕ್ಕಪಕ್ಕದ ನೆಲದೊಳಗಿನ ನೀರು ಕೂಡ ಕಾಲುವೆಯ ತಳದ ಮಟ್ಟಕ್ಕೆ ಬಸಿದು ಇಳಿದುಬಿಡುತ್ತದೆ. ಬೇರಿಗೆ ನೀರು ಸಿಗಲ್ಲ, ಕಪ್ಪೆಗೆ ಜಾಗ ಸಿಗಲ್ಲ.

ನೆಲದ ನೀರು ನೋಡೋಕೆ ಸೀಳು ಬಿಟ್ಟ ಪ್ಲಾಸ್ಟಿಕ್ ಕೊಳವೆಗಳನ್ನು ಒಂಬತ್ತು ಕಡೆ ಹೂತೆ. ಒಂದೊಂದೂ ಒಂದೂವರೆ ಮೀಟರ್ ಆಳ. ಅಳೆಯುವ ವಿಧಾನ ಕೇಳಿದರೆ ನಗು ಬರುತ್ತದೆ. ಸಣ್ಣ ಟ್ಯೂಬಿಗೆ ಟೇಪ್ ಕಟ್ಟಿ, ಒಂದು ತುದಿ ಬಾಯಲ್ಲಿಟ್ಟು ಊದುತ್ತಾ ಇನ್ನೊಂದು ತುದಿಯನ್ನು ಒಳಗಿಳಿಸಬೇಕು. ನೀರು ತಾಗಿದ ಕೂಡಲೇ ಗುಳುಗುಳು ಅನ್ನುತ್ತದೆ. ಆಗ ಟೇಪ್ ಓದಿಕೊಳ್ಳೋದು. ವಾರಕ್ಕೊಮ್ಮೆ ಒಂಬತ್ತು ಕಡೆ ಊದುವುದು ನನ್ನ ಕೆಲಸ. ಆ ವರ್ಷ ಬಹುತೇಕ ವಾರ ಗುಳುಗುಳು ಕೇಳಲೇ ಇಲ್ಲ, ಕೊಳವೆಯ ತಳದವರೆಗೂ ಒಣ.

ಆದರೆ ಮಣ್ಣು ಬೇರೆ ಕತೆ ಹೇಳುತ್ತಿತ್ತು. ಬೈರಿಗೆ ತಿರುಗಿಸಿ ತೆಗೆದ ಮಣ್ಣನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಮೇಲಿನ ಒಂದು ಗೇಣು ಉತ್ತ ಮಣ್ಣು, ಕಂದು. ಅದರಡಿ ಬೂದಿ ಬಣ್ಣ, ಬೂದಿಯ ನಡುವೆ ಹಳೇ ಬೇರಿನ ದಾರಿ ಹಿಡಿದು ತುಕ್ಕಿನ ಕೆಂಪು ಗೆರೆಗಳು. ಮಣ್ಣಿಗೆ ಬಣ್ಣ ಕೊಡೋದು ಬಹುಪಾಲು ಕಬ್ಬಿಣ. ನೀರು ನಿಂತು ಗಾಳಿ ಸಿಗದೇ ಹೋದಾಗ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಆ ಕಬ್ಬಿಣವನ್ನೇ ಬಳಸಿಕೊಳ್ಳುತ್ತವೆ. ಆಗ ಅದು ಕರಗಿ ಹರಿದುಹೋಗಿ ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೇರಿನ ಸುತ್ತ ಒಂದಿಷ್ಟು ಗಾಳಿ ಸಿಕ್ಕಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಅಂದರೆ ಈ ಹೊಲ ಹೊಲವಾಗುವ ಮೊದಲು ನೂರಾರು ವರ್ಷ ತೊಯ್ದ ನೆಲವಾಗಿತ್ತು. ಉತ್ತರೂ ಬಿತ್ತಿದರೂ ಆ ಗುರುತು ಅಳಿಸಿಲ್ಲ.

ಇನ್ನೂ ಕೆಳಗಿನ ಭಾಗದಲ್ಲಿ ಕಪ್ಪು ಪೀಟ್ ಪದರ ಸಿಕ್ಕಿತು. ನೀರಲ್ಲಿ ಕೊಳೆಯದೇ ಉಳಿದ ಗಿಡಗಂಟಿಯ ಪದರ ಅದು. ನೀರು ಬಸಿದರೆ ಗಾಳಿ ತಾಗಿ ಕೊಳೆಯತೊಡಗುತ್ತದೆ, ನೆಲವೇ ಕುಗ್ಗುತ್ತದೆ. ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ ದೊಡ್ಡ ಕೆರೆ ಬಸಿಯುವ ಹೊತ್ತಿಗೆ, 1851ರಲ್ಲಿ, ತುದಿ ನೆಲಮಟ್ಟಕ್ಕೆ ಬರುವಂತೆ ಒಂದು ಕಬ್ಬಿಣದ ಕಂಬ ಹೂತಿದ್ದರು. ಈಗ ಆ ತುದಿ ನೆಲದಿಂದ ಸುಮಾರು 4 ಮೀಟರ್ ಮೇಲಿದೆ. ಕಂಬ ಎದ್ದಿಲ್ಲ, ನೆಲ ಇಳಿದಿದೆ. ಇದನ್ನು ಅಪ್ಪನಿಗೆ ಹೇಳಿದಾಗ, ಕಾಲುದಾರಿಯ ಮೋರಿಯ ಅಡಿಗಲ್ಲು ಮೊದಲು ಕಾಣುತ್ತಲೇ ಇರಲಿಲ್ಲ ಅಂತ ನೆನಪಿಸಿಕೊಂಡರು. ಈಗ ಅದು ಮೊಣಕಾಲೆತ್ತರ.

ಇಷ್ಟೆಲ್ಲ ಗೊತ್ತಿದ್ದೂ ನಾನು ದೊಡ್ಡ ತಪ್ಪು ಮಾಡಿದೆ. ಹಳೆಯ ವೈಮಾನಿಕ ಫೋಟೋ ಒಂದು ಸಿಕ್ಕಿತ್ತು, ಕಪ್ಪುಬಿಳುಪಿನದು. ಉತ್ತ ಹೊಲದಲ್ಲಿ ಹಾವಿನಂತೆ ಹೊರಳುವ ಕಪ್ಪು ಪಟ್ಟೆಗಳು ಕಾಣುತ್ತಿದ್ದವು. ಮಣ್ಣು ತೇವ ಇದ್ದಲ್ಲಿ ಫೋಟೋದಲ್ಲಿ ಕಪ್ಪು. ಹಳೇ ತೊರೆಯ ದಾರಿ ಸಿಕ್ಕೇಬಿಟ್ಟಿತು ಅಂತ ಕುಣಿದಾಡಿದೆ. ಪಟ್ಟೆಗಳು ಐದಾರು ಇದ್ದವು. ಎಲ್ಲಕ್ಕಿಂತ ದಪ್ಪ ಇದ್ದದ್ದನ್ನು ಆರಿಸಿ, "ಇದೇ ತೊರೆ" ಅಂದುಕೊಂಡು, ಉಳಿದವನ್ನು ಮರೆತೆ. ಆ ಗೆರೆಯ ಮೇಲೆ ಚಂದದ ಅಂಕುಡೊಂಕು ಕಾಲುವೆ ಅಗೆಸಿದೆ. ತಿರುವಿಗೆ ಕಲ್ಲು ಜೋಡಿಸಿದೆ, ಎರಡು ಮಡು ಮಾಡಿಸಿದೆ. ಹಳೇ ಕಾಲುವೆಗೆ ಎರಡು ಮೀಟರ್ ಉದ್ದದ ಮಣ್ಣಿನ ಒಡ್ಡು ಹಾಕಿ ನೀರನ್ನು ಇತ್ತ ತಿರುಗಿಸಿದೆ. ಫೋಟೋ ತೆಗೆದು ಬೇಕಾದವರಿಗೆಲ್ಲ ಕಳಿಸಿದೆ. ನಿಜವಾಗಿಯೂ ಚೆನ್ನಾಗಿತ್ತು.

ಮೊದಲ ದೊಡ್ಡ ಮಳೆಗೇ ಮುಗಿಯಿತು. ನೀರು ಒಡ್ಡನ್ನು ಹತ್ತಿ ದಾಟುವ ಗೋಜಿಗೇ ಹೋಗಲಿಲ್ಲ, ಪಕ್ಕದ ಸಡಿಲ ಮಣ್ಣನ್ನು ಕೊರೆದು ಸುತ್ತು ಹಾಕಿ ಹಳೇ ಕಾಲುವೆಗೇ ಇಳಿಯಿತು. ಬೆಳಗ್ಗೆ ಹೋಗಿ ನೋಡಿದರೆ ಒಡ್ಡು ಅಲ್ಲೇ ಇದೆ, ಗಟ್ಟಿಯಾಗಿ, ದ್ವೀಪದ ಹಾಗೆ. ಅದರ ಎರಡೂ ಬದಿ ನೀರು. ಹೊಸ ತಿರುವಿನಲ್ಲಿ ನಾನು ಜೋಡಿಸಿದ್ದ ಕಲ್ಲುಗಳು ಕಾಲುವೆಯ ನಡುವೆ ರಾಶಿ ಬಿದ್ದಿದ್ದವು.

ಮತ್ತೆ ಅನುಮತಿಗೆ ಅರ್ಜಿ ಹಾಕಿ ಕಾಯಬೇಕಾಯಿತು. ನೀರು ಹರಿಯುವ ಜಾಗದಲ್ಲಿ ಮಣ್ಣು ಹಾಕೋದಕ್ಕೂ ತೆಗೆಯೋದಕ್ಕೂ ಅನುಮತಿ ಬೇಕು. ಬೇಕಾದದ್ದೇ, ಮೇಲಿನವರ ಹೊಲ ಮುಳುಗಿದರೆ ಯಾರು ಹೊಣೆ? ಆ ಕಾಯುವ ತಿಂಗಳುಗಳಲ್ಲಿ ಓದಿದ್ದು ನನ್ನ ತಲೆ ತಿರುಗಿಸಿತು. ರಾಬರ್ಟ್ ವಾಲ್ಟರ್ ಮತ್ತು ಡೊರೊತಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು. ಅಮೆರಿಕದ ಪೂರ್ವ ಭಾಗದಲ್ಲಿ 1840ರ ಹೊತ್ತಿಗೆ ನೀರಿನಿಂದ ನಡೆಯುವ 65,000ಕ್ಕೂ ಹೆಚ್ಚು ಗಿರಣಿಗಳಿದ್ದವು. ಅವುಗಳ ಒಡ್ಡುಗಳ ಹಿಂದೆ ತಲೆಮಾರುಗಟ್ಟಲೆ ಹೂಳು ತುಂಬಿತು. ಒಡ್ಡು ಒಡೆದ ಮೇಲೆ ಆ ಹೂಳನ್ನು ಕೊರೆದುಕೊಂಡು ಹರಿದ ಅಂಕುಡೊಂಕು ತೊರೆಯನ್ನೇ ಎಲ್ಲರೂ ಸಹಜ ತೊರೆ ಅಂದುಕೊಂಡಿದ್ದರು. ಹೂಳಿನ ಕೆಳಗೆ ಅಗೆದರೆ ಸಿಕ್ಕಿದ್ದು ಬೇರೆಯೇ. ಒಂದು ದೊಡ್ಡ ತೊರೆಯಲ್ಲ, ಗಿಡ ಹುಲ್ಲು ತುಂಬಿದ ಅಗಲವಾದ ಜೌಗು, ಅದರೊಳಗೆ ಕವಲೊಡೆದು ಸೇರಿ ಮತ್ತೆ ಕವಲೊಡೆಯುವ ಸಣ್ಣ ಸಣ್ಣ ನೀರಿನ ಜಾಡುಗಳು.

ನಾನು ಎದ್ದು ಹೋಗಿ ಆ ಕಪ್ಪುಬಿಳುಪು ಫೋಟೋ ಮತ್ತೆ ತೆಗೆದೆ. ಐದಾರು ಪಟ್ಟೆ. ಅವಷ್ಟೂ ನೀರಿನ ಜಾಡೇ ಆಗಿದ್ದವು. ನಾನು ಒಂದನ್ನು ಆರಿಸಿ ಬಾಕಿ ಎಲ್ಲವನ್ನೂ ಅಳಿಸಿದ್ದೆ. ಸರಿಪಡಿಸಬೇಕಾದ ತೊರೆ ಅಂತ ಒಂದು ಅಲ್ಲಿ ಇರಲೇ ಇಲ್ಲ. ಎರಡು ದಡ, ನಡುವೆ ನೀರು ಅನ್ನೋ ಚಿತ್ರವನ್ನು ನಾನೇ ತಲೆಯಲ್ಲಿ ಹೊತ್ತುಕೊಂಡು ಹೋಗಿದ್ದೆ.

ಹಾಗಾಗಿ ಎರಡನೇ ಯೋಜನೆ ಒಂದೇ ಸಾಲಿನದು: ಕಾಲುವೆಯನ್ನು ಉದ್ದಕ್ಕೂ ಮುಚ್ಚು, ನೀರು ತನ್ನ ದಾರಿ ತಾನು ನೋಡಿಕೊಳ್ಳಲಿ. ಇದು ನನ್ನ ಹೊಸ ಬುದ್ಧಿಯೇನಲ್ಲ. ಫ್ಲಾರಿಡಾದ ಕಿಸಿಮ್ಮಿ ನದಿಯನ್ನು 1962ರಿಂದ 1971ರ ನಡುವೆ ನೆಟ್ಟಗೆ ಮಾಡಿ, 166 ಕಿಲೋಮೀಟರ್ ಉದ್ದದ ಹರಿವನ್ನು 90 ಕಿಲೋಮೀಟರ್ ಕಾಲುವೆಗೆ ಇಳಿಸಿದ್ದರು. ಆಮೇಲೆ 1999ರಿಂದ 2021ರವರೆಗೆ ಅದೇ ಕಾಲುವೆಯಲ್ಲಿ ಸುಮಾರು 35 ಕಿಲೋಮೀಟರನ್ನು ಮಣ್ಣು ಹಾಕಿ ಮುಚ್ಚಿದರು. ಅಗೆಯೋಕೆ ಒಂಬತ್ತು ವರ್ಷ, ಮುಚ್ಚೋಕೆ ಇಪ್ಪತ್ತೆರಡು. ನಮ್ಮದು ಅದರ ಮುಂದೆ ಚರಂಡಿ, ಆದರೂ ಧೈರ್ಯ ಬಂತು.

ಮೊದಲು ನೆಲದಡಿಯ ಕೊಳವೆ. ಅಪ್ಪನ ಹಾಳೆ ಹಿಡಿದು ಅಗೆದಲ್ಲಿ ಏನೂ ಸಿಗಲಿಲ್ಲ. ಇನ್ನೂ ನಾಲ್ಕು ಮೀಟರ್ ಆಚೆ ಅಡ್ಡಗುಂಡಿ ತೆಗೆದಾಗ ಗುದ್ದಲಿಗೆ ಟಣ್ ಅಂತ ತಾಗಿತು. ಅಪ್ಪ ಹೂಳಿಸಿದ್ದ ಪ್ಲಾಸ್ಟಿಕ್ ಅಲ್ಲ, ಸುಟ್ಟ ಮಣ್ಣಿನ ಕೊಳವೆ. ಅಜ್ಜನ ಕಾಲದ್ದು ಇರಬೇಕು, ಅಪ್ಪನಿಗೇ ಗೊತ್ತಿರಲಿಲ್ಲ. ಬೇಸಿಗೆಯ ನಡುಮಧ್ಯೆ, ಮೇಲೆ ನೆಲ ಬಿರುಕು ಬಿಟ್ಟಿದೆ, ಇಲ್ಲಿ ಮೊಣಕೈ ದಪ್ಪದ ಕೊಳವೆಯಲ್ಲಿ ತಣ್ಣನೆಯ ತಿಳಿನೀರು ಹರೀತಾ ಇದೆ. ಕೈ ಒಡ್ಡಿ ಕುಳಿತೆ. ಹಗಲೂ ರಾತ್ರಿ, ಯಾರೂ ನೋಡದೇ ಇದ್ದಾಗಲೂ, ಇದು ಎಷ್ಟು ವರ್ಷದಿಂದ ಹೀಗೇ ಬಸೀತಾ ಇತ್ತೋ. ಒಂದು ಕಡೆ ಒಡೆದರೆ ಸಾಲದು, ನೀರು ಪಕ್ಕದಿಂದ ನುಸುಳಿ ಮತ್ತೆ ಕೊಳವೆ ಸೇರಿಕೊಳ್ಳುತ್ತದೆ. ಪ್ರತಿ ಸಾಲಿನಲ್ಲೂ ಹತ್ತು ಮೀಟರ್‌ನಷ್ಟು ಕಿತ್ತು, ಜೇಡಿಮಣ್ಣು ತುಂಬಿ, ತುಳಿದು ತುಳಿದು ಗಟ್ಟಿ ಮಾಡಿದೆವು.

ಒಂದು ಕೊಳವೆ ನಮ್ಮದೇ ಆಗಿರಲಿಲ್ಲ. ಮೇಲಿನ ಹೊಲದವರ ಬಸಿನೀರು ನಮ್ಮ ನೆಲದಡಿಯಿಂದ ಹಾದು ಕಾಲುವೆ ಸೇರುತ್ತಿತ್ತು. ಅದನ್ನು ಮುಚ್ಚಿದರೆ ಅವರ ಬೆಳೆ ಕೊಳೆಯುತ್ತದೆ. "ಅಣ್ಣಾ, ನಿಮ್ಮ ನೀರು ನಂಗೆ ಬೇಕು, ಆದ್ರೆ ಗಡಿ ದಾಟಿದ ಕೂಡ್ಲೇ ಮೇಲಕ್ಕೆ ತರ್ತೀನಿ" ಅಂದೆ. ಅವರು ನನ್ನನ್ನು ಅನುಮಾನದಿಂದ ನೋಡಿ, "ನನ್ನ ಕಡೆ ಒಂದು ಗೇಣು ನೀರು ನಿಂತ್ರೂ ಬಿಡಲ್ಲ ನೋಡಪ್ಪ" ಅಂದರು. ಪುಣ್ಯಕ್ಕೆ ಇಳಿಜಾರು ಸಾಕಷ್ಟಿತ್ತು. ಅವರ ಕೊಳವೆಯನ್ನು ನಮ್ಮ ಗಡಿಯಿಂದ ತುಸು ಒಳಗೆ, ಅವರ ನೆಲಕ್ಕಿಂತ ತಗ್ಗಿನಲ್ಲೇ ಬಯಲಿಗೆ ತಂದು ಬಿಟ್ಟೆವು. ಅಲ್ಲಿಂದ ಅದು ಹುಲ್ಲಿನ ಮೇಲೆ ಹರಡಿಕೊಂಡು ಬರುತ್ತದೆ. ಅವರ ಹೊಲದ ಗೊಬ್ಬರದ ನೈಟ್ರೇಟ್ ಅದರ ಜೊತೆಗೇ ಬರುತ್ತದೆ. ಗಾಳಿಯಿಲ್ಲದ ಜೌಗು ಮಣ್ಣಿನ ಬ್ಯಾಕ್ಟೀರಿಯಾ ಅದರಲ್ಲಿ ಬಹಳಷ್ಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಕೊಳವೆಯೊಳಗೆ ಓಡುವ ನೀರಿಗೆ ಆ ಅವಕಾಶವೇ ಇರಲಿಲ್ಲ.

ಹಿಟಾಚಿ ಓಡಿಸಲು ಬಂದವರು ಪಳಗಿದ ಕೈ. ಕಾಲುವೆ ಮುಚ್ಚೋದು ಅವರಿಗೆ ನೀರು ಕುಡಿದಷ್ಟು ಸಲೀಸು. ಹಿಂದೆ ತೋಡಿ ದಡದ ಮೇಲೆ ರಾಶಿ ಹಾಕಿದ್ದ ಮಣ್ಣನ್ನೇ ಎಳೆದು ತುಂಬಿದರು. ಪದರ ಪದರ ತುಳಿಸಿ, ಕುಗ್ಗುತ್ತದೆ ಅಂತ ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರವೇ ಬಿಟ್ಟರು. ಕಷ್ಟ ಬಂದದ್ದು ಆಮೇಲೆ. ಉತ್ತು ಉತ್ತು ಹಲಗೆಯಂತೆ ಸಪಾಟಾಗಿದ್ದ ನೆಲದಲ್ಲಿ ಗುಂಡಿ, ದಿಬ್ಬ ಮಾಡಬೇಕು ಅಂತ ನಾನು ಹೇಳಿದೆ. ನೆಲದ ಎತ್ತರ ಒಂದು ಗೇಣು ಹೆಚ್ಚುಕಡಿಮೆಯಾದರೂ ಜೌಗಿನಲ್ಲಿ ಬೇರೆ ಗಿಡ ಬರುತ್ತದೆ. ಅವರು ಬಕೆಟ್‌ನಿಂದ ಗುಂಡಿ ತೆಗೆಯುತ್ತಿದ್ದರು, ನಾನು ಆಚೆ ತಿರುಗಿದ ಕೂಡಲೇ ಬಕೆಟ್‌ನ ಬೆನ್ನಿಂದ ಸವರಿ ನುಣ್ಣಗೆ ಮಾಡಿಬಿಡುತ್ತಿದ್ದರು. ಮೂರು ಸಲ ಹೇಳಿದೆ. ಕೊನೆಗೆ ಇಂಜಿನ್ ನಿಲ್ಲಿಸಿ ಇಳಿದು ಬಂದು, "ಸರ್, ಇಪ್ಪತ್ತು ವರ್ಷದಿಂದ ನೆಲ ಮಟ್ಟ ಮಾಡಿದ ಕೈ ಇದು. ಹೀಗೆ ಬಿಟ್ಟು ಹೋದ್ರೆ ನೋಡಿದೋರು ಯಾರು ಮಾಡಿದ್ದು ಅಂತ ಕೇಳ್ತಾರೆ" ಅಂದರು. ಕೇಳಿದರೆ ನನ್ನ ಹೆಸರು ಹೇಳಿ ಅಂದೆ. ಕೊನೆಯ ದಿನ ಮಾತ್ರ ಅವರಿಗೇ ರುಚಿ ಹತ್ತಿತ್ತು. ಒಣಗಿದ ಮರದ ದಿಮ್ಮಿಗಳನ್ನು ಮನಬಂದ ಹಾಗೆ ಅಡ್ಡಾದಿಡ್ಡಿ ಹಾಕಿದರು, ನೀರಿಗೆ ಅಡ್ಡಿಯಾಗಲಿ ಅಂತ.

ಮಳೆ ಬಂತು. ನೀರು ಎಲ್ಲಾ ಕಡೆ ಒಂದು ಬೆರಳು, ಎರಡು ಬೆರಳು ಆಳ ಹರಡಿತು. ಎಲ್ಲೂ ಓಟವಿಲ್ಲ. ನಾನು ನಿರೀಕ್ಷೆ ಮಾಡಿದ ಸಂಭ್ರಮ ಮಾತ್ರ ಬರಲಿಲ್ಲ, ಯಾಕಂದರೆ ನೋಡೋಕೆ ಅದು ಮುಳುಗಿದ ಹೊಲದ ಹಾಗೇ ಇತ್ತು. ಅಪ್ಪ ಬಂದು ನೋಡಿ, "ಇಷ್ಟಕ್ಕೆ ಎರಡು ಸಲ ಮಿಷನ್ ಬೇಕಿತ್ತಾ? ನಾನು ಚರಂಡಿ ತೆಗೆಸದೇ ಇದ್ದಿದ್ರೆ ಆಗ್ತಿತ್ತು" ಅಂದರು. ಉತ್ತರ ಇರಲಿಲ್ಲ.

ಬಿಸಿಲು ಬಂದಾಗ ನೀರೆಲ್ಲ ಹಸಿರು ಗಂಜಿಯಂತಾಯಿತು. ಇದು ಹಳೇ ಹೊಲದ ಸಾಲ. ವರ್ಷಗಟ್ಟಲೆ ಹಾಕಿದ ಗೊಬ್ಬರದ ರಂಜಕ ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ಮಣ್ಣು ಮುಳುಗಿ ಕಬ್ಬಿಣ ಕರಗಿದಾಗ ರಂಜಕವೂ ಬಿಡುಗಡೆಯಾಗಿ ಪಾಚಿಗೆ ಹಬ್ಬ. ಕೆಲವು ಕಡೆ ಇದೇ ಕಾರಣಕ್ಕೆ ಮೇಲ್ಮಣ್ಣನ್ನೇ ಕೆರೆದು ಸಾಗಿಸಿದ ಮೇಲೆ ನೀರು ಬಿಡುತ್ತಾರೆ. ನಮಗೆ ಅಷ್ಟು ಶಕ್ತಿ ಇರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಮೀಥೇನ್ ಕೂಡ ಹೊರಡುತ್ತದೆ, ಅದನ್ನು ಮುಚ್ಚಿಡಬಾರದು. ಪೀಟ್ ಒಣಗಿ ಕೊಳೆಯುತ್ತಾ ಬಿಡುವ ಇಂಗಾಲದ ಡೈಆಕ್ಸೈಡ್ ನಿಲ್ಲುತ್ತದಲ್ಲ ಅನ್ನೋದೇ ಅದಕ್ಕೆ ಸಮಾಧಾನ.

ಒಂದು ದಿನ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ಕಂಡು ಎದೆ ಧಸಕ್ ಅಂತು. ಮಿಷನ್‌ನಿಂದ ಡೀಸೆಲ್ ಸೋರಿತ್ತೇನೋ! ಒಂದು ಕಡ್ಡಿ ತೆಗೆದುಕೊಂಡು ಚುಚ್ಚಿದೆ. ಪೊರೆ ಒಡೆದ ಗಾಜಿನಂತೆ ಚೂರುಚೂರಾಗಿ ಹಾಗೇ ತೇಲಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ನೆಲದೊಳಗಿನ ನೀರು ಒರತೆಯಾಗಿ ಮೇಲೆ ಬರುತ್ತಿದೆ ಅನ್ನೋದಕ್ಕೆ ಗುರುತು. ಆ ಜಾಗಕ್ಕೆ ಒಂದು ಗೂಟ ನೆಟ್ಟು ಬಂದೆ.

ಗಿಡಗಳ ವಿಷಯದಲ್ಲಿ ನನ್ನ ಲೆಕ್ಕ ಬಹುತೇಕ ಉಲ್ಟಾ ಹೊಡೆಯಿತು. ದುಡ್ಡು ಕೊಟ್ಟು ತಂದ ಸಸಿಗಳಲ್ಲಿ ಮುಕ್ಕಾಲು ಪಾಲು ಸತ್ತವು, ಕೆಲವು ನೀರು ಜಾಸ್ತಿಯಾಗಿ, ಕೆಲವು ಕಡಿಮೆಯಾಗಿ. ನೀರವಂಜಿಯ ಕಡ್ಡಿಗಳನ್ನು ನೆಡಲು ನೆಂಟರ ಮಕ್ಕಳೆಲ್ಲ ಬಂದಿದ್ದರು. ಸಂಜೆ ನೋಡಿದರೆ ಒಂದು ಸಾಲು ಪೂರ್ತಿ ತಲೆಕೆಳಗು. ಚಿಗುರಿನ ಮೊಗ್ಗುಗಳೆಲ್ಲ ನೆಲ ನೋಡುತ್ತಿದ್ದವು. ಕೀಳುವ ತ್ರಾಣ ಇರಲಿಲ್ಲ, ಬಿಟ್ಟೆ. ಅದರಲ್ಲೂ ಆರು ಬೇರು ಬಿಟ್ಟು, ಚಿಗುರು ಸೊಟ್ಟಗೆ ತಿರುಗಿ ಮೇಲೆದ್ದಿವೆ.

ಯಾರೂ ಬಿತ್ತದೇ ಬಂದದ್ದೇ ಜಾಸ್ತಿ. ಎರಡನೇ ವರ್ಷ, ನೇಗಿಲು ತಾಗದ ಆಳದಿಂದ ಮೇಲಕ್ಕೆ ಬಂದ ಮಣ್ಣಿದ್ದಲ್ಲೆಲ್ಲ ಜೇಕು ಹುಲ್ಲು ಎದ್ದಿತು. ಹಿಟಾಚಿಯವರು ಒರಟಾಗಿ ಬಿಟ್ಟ ಗುಂಡಿಗಳ ಅಂಚಿನಲ್ಲೇ ಎಲ್ಲಕ್ಕಿಂತ ದಟ್ಟ. ಜೌಗು ಗಿಡಗಳ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರೈತರು ಮಣ್ಣು ತುಂಬಿ ಉತ್ತುಬಿಟ್ಟಿದ್ದ ಹಳೇ ಹೊಂಡಗಳನ್ನು ಮತ್ತೆ ಅಗೆದಾಗ, ನೂರೈವತ್ತು ವರ್ಷ ಹೂತಿದ್ದ ಬೀಜಗಳೂ ಮೊಳೆತವು. ಇದನ್ನು ಮೊದಲೇ ನಂಬಿದ್ದರೆ ಸಸಿಯ ದುಡ್ಡು ಉಳಿಯುತ್ತಿತ್ತು.

ಆದರೆ ಜೊಂಡು! ಅದನ್ನೂ ಯಾರೂ ಕರೆದಿರಲಿಲ್ಲ. ಗೊಬ್ಬರ ತಿಂದ ನೆಲ, ಒಂದೇ ಮಟ್ಟದಲ್ಲಿ ನಿಂತ ನೀರು ಎರಡೂ ಸಿಕ್ಕಿದರೆ ಜೊಂಡು ಬೇರೇನನ್ನೂ ಉಳಿಸುವುದಿಲ್ಲ. ಮೊದಲ ಯೋಜನೆಯ ಆ ಎರಡು ಚಂದದ ಮಡುಗಳು ಈಗ ಪೂರ್ತಿ ಜೊಂಡು. ನೀರು ಏರಿ ಇಳಿದು ಒಂದಿಷ್ಟು ದಿನ ಒಣಗುವ ಕಡೆ ಮಾತ್ರ ಹತ್ತಾರು ಬಗೆ ಇವೆ. ಜೌಗು ಮಾಡ್ತೀವಿ ಅಂತ ಹೋಗಿ ಆಳವಾದ ಹೊಂಡ ತೋಡುವವರನ್ನು ಕಂಡರೆ ನನಗೆ ಈಗ ಸಂಕಟ ಆಗುತ್ತದೆ. ನಾನೂ ಮಾಡಿದವನೇ. ವರ್ಷಕ್ಕೆ ಎರಡು ಸಲ ಮೊಣಕಾಲು ನೀರಲ್ಲಿ ನಿಂತು, ನೀರಿನ ಮಟ್ಟಕ್ಕಿಂತ ಕೆಳಗೆ ಜೊಂಡು ಕೊಯ್ಯುತ್ತೇನೆ. ಹಾಗೆ ಕೊಯ್ದರೆ ಒಣ ಕಾಂಡದ ಮೂಲಕ ಬೇರಿಗೆ ಹೋಗುವ ಗಾಳಿ ನಿಂತು, ಸ್ವಲ್ಪ ಸೋಲುತ್ತದೆ. ಬೆನ್ನು ಅದಕ್ಕಿಂತ ಮುಂಚೆ ಸೋಲುತ್ತದೆ.

ಈ ವರ್ಷ ಹೊಸ ಪರೀಕ್ಷೆ ಒಂದು ಮಾಡಿದೆ. ಬಿಳಿ ಪ್ಲಾಸ್ಟಿಕ್ ಕೊಳವೆಗೆ ಕಬ್ಬಿಣದ ತುಕ್ಕಿನ ಬಣ್ಣ ಬಳಿದು ನೆಲದಲ್ಲಿ ಚುಚ್ಚಿಡುವುದು. ಮಣ್ಣಲ್ಲಿ ಗಾಳಿ ಇದ್ದರೆ ಬಣ್ಣ ಹಾಗೇ ಇರುತ್ತದೆ. ಇಲ್ಲದಿದ್ದರೆ ಅದೇ ಸೂಕ್ಷ್ಮಜೀವಿಗಳು ಬಣ್ಣದ ಕಬ್ಬಿಣವನ್ನು ಕರಗಿಸಿಬಿಡುತ್ತವೆ. ನಾಲ್ಕು ವಾರ ಬಿಟ್ಟು ಕಿತ್ತು, ಬಕೆಟ್ ನೀರಲ್ಲಿ ತೊಳೆದೆ. ಮೇಲಿನ ಎರಡು ಬೆರಳು ಕಿತ್ತಳೆ, ಅದರ ಕೆಳಗೆ ಯಾರೋ ನೆಕ್ಕಿದ ಹಾಗೆ ಚುಕ್ಕೆ ಚುಕ್ಕೆ, ಇನ್ನೂ ಕೆಳಗೆ ಬರೀ ಬಿಳಿ. ಅಪ್ಪನಿಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಬಣ್ಣ ಸರಿಯಾಗಿ ಬಳಿದಿದ್ದೀಯಾ?" ಅಂದರು.

ಮೊನ್ನೆ ಮೇಲಿನ ಹೊಲದ ಅಣ್ಣ ಬಂದಿದ್ದರು. ಅವರ ಕಡೆ ನೀರು ನಿಂತಿಲ್ಲ, ಜಗಳಕ್ಕೆ ಬಂದಿರಲಿಲ್ಲ, ಸುಮ್ನೆ ನೋಡೋಕೆ. ಅಂಚಿನಲ್ಲಿ ನಿಂತು ಅತ್ತ ಇತ್ತ ಕಣ್ಣಾಡಿಸಿ, "ಅಲ್ಲಪ್ಪ, ತೊರೆ ಸರಿ ಮಾಡ್ತೀನಿ ಅಂದಿದ್ಯಲ್ಲ, ಎಲ್ಲಿದೆ ಅದು?" ಅಂತ ಕೇಳಿದರು. ಕೈ ತೋರಿಸೋಕೆ ಹೋದೆ. ಬೆರಳು ಒಂದು ಕಡೆಗೆ ನಿಲ್ಲಲಿಲ್ಲ. "ಇದೇ ಎಲ್ಲಾ" ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. ಹತ್ತಿರದಿಂದ ನೋಡೋಣ ಅಂತ ಒಂದು ಹೆಜ್ಜೆ ಒಳಗಿಟ್ಟರು. ಹಳೇ ಟ್ರ್ಯಾಕ್ಟರ್ ಮೂಲೆ ಅದು, ಹೇಳುವಷ್ಟರಲ್ಲಿ ಮೊಣಕಾಲವರೆಗೆ ಹೋಯಿತು. ಇಬ್ಬರೂ ಸೇರಿ ಎಳೆದು ಕಾಲು ಹೊರಗೆ ತೆಗೆದೆವು. ಚಪ್ಪಲಿ ಇನ್ನೂ ಅಲ್ಲೇ ಇದೆ.